ಕೊಸರು

ಹಿಟ್ಟಿನ ಗಿರಣಿಯ ಗುಮಾಸ್ತಿಕೆ ಬಿಟ್ಟು
ಇವತ್ತಿಗೆ ಹನ್ನೊಂದು ತಿಂಗಳು.
ಚಿಲೆಂಜೆಯ ನಮ್ಮ ಓಣಿಯಲ್ಲಿ
ನಲ್ಲಿಯ ಮುಂದೆ ಡಬ್ಬ ಹಿಡಿದು ನಿಂತವರು ಕೇಳುತ್ತಾರೆ:
'ಚೋಲ್ವೆ, ಈಗ ಏನು ಕೆಲಸ?'
'ಓದುತ್ತಿದ್ದೇನೆ.'
'ಅದು ಸರಿ. ಕೆಲಸ?'
ಪೂರ್ಣಾವಧಿ ಎನ್ನುವುದಕ್ಕೆ
ಮನೆಯ ಟೋಂಗಾದಲ್ಲಿ, ಬೀದಿಯ ನ್ಯಾಂಜಾದಲ್ಲಿ
ಒಂದು ಮರ್ಯಾದೆಯ ಮಾತು
ನನಗಿನ್ನೂ ಸಿಕ್ಕಿಲ್ಲ.

ಬೆಳಗಿನ ಜಾವ ನಾಲ್ಕಕ್ಕೆ ಕರೆಂಟು ಬರುತ್ತದೆ,
ಎಂಟಕ್ಕೆ ಹೋಗುತ್ತದೆ.
ಅಷ್ಟರೊಳಗೆ ಅಮ್ಮ ನೀರು ಕಾಯಿಸಬೇಕು,
ಲುಯಾಂಡೊ ಶಾಲೆಯ ಅಂಗಿಗೆ ಇಸ್ತ್ರಿ ಹಾಕಬೇಕು,
ನಾನು ಒಂದು ಕಂಪನಿಯನ್ನು
ಇನ್ನೊಂದರ ಹೊಟ್ಟೆಗೆ ಸೇರಿಸಿ ಲೆಕ್ಕ ಒಪ್ಪಿಸಬೇಕು.
ಪ್ರಶ್ನೆಯೊಳಗೇ ಹುಟ್ಟಿ
ಡಿಸೆಂಬರ್ ಮೂವತ್ತೊಂದಕ್ಕೆ ಸಾಯುವ ಕಂಪನಿಗಳು.
ಅವುಗಳ ಗುಡ್‌ವಿಲ್ ಎಷ್ಟೆಂದು
ಪೈಸೆ ಬಿಡದೆ ಹೇಳಬಲ್ಲೆ;
ಮನೆ ಮಾಲೀಕ ಸಿಕಾಜ್ವೆಯ ಹತ್ತಿರ
ನಮ್ಮದೆಷ್ಟು ಉಳಿದಿದೆ, ಅದು ಗೊತ್ತಿಲ್ಲ.

ಫೀಸು ಪೌಂಡಿನಲ್ಲಿ.
ಅಮ್ಮ ಮಾರುವುದು ಕ್ವಾಚಾದಲ್ಲಿ.
ಕ್ವಾಚಾ ಜಾರಿದ ವಾರ
ಅದೇ ಪುಸ್ತಕ, ಅದೇ ಪರೀಕ್ಷೆ,
ಮೀನು ಮಾತ್ರ ಎರಡು ಬುಟ್ಟಿ ಹೆಚ್ಚು.
ಚೀಟಿಯಲ್ಲಿ ತನ್ನ ಸರದಿಯನ್ನು
ಹೇಗೋ ಮುಂದಕ್ಕೆ ಎಳೆದುಕೊಂಡಳು.
ಹೇಗೆ ಎಂದು ಕೇಳಲಿಲ್ಲ.
ಆಡಿಟ್ ಓದುವವನು ಕೇಳಬೇಕಿತ್ತು.

ಆಡಿಟ್‌ನಲ್ಲೇ ಹೋಯಿತು.
ತೊಕೊಜಿಲೆಗೆ ಅರವತ್ತೊಂದು,
ನಿದ್ದೆ ಬರಬಾರದೆಂದು ಗ್ರಂಥಾಲಯದಲ್ಲಿ
ನಿಂತೇ ಓದುತ್ತಿದ್ದವಳು ಅವಳು.
ನನಗೆ ನಲವತ್ತೆಂಟು.
ಮತ್ತೆ ಸೆಪ್ಟೆಂಬರಿಗೆ.
ಅಮ್ಮ ಬುಟ್ಟಿ ಕಟ್ಟುತ್ತಿದ್ದಳು.
'ಪಾಸಿಗೆ ಎಷ್ಟು?'
'ಐವತ್ತು.'
'ಎರಡೇನಾ? ಅಷ್ಟು ಅಳೆದು ಕೊಟ್ಟವರಿಗೆ
ಮೇಲೊಂದು ಚಿಟಿಕೆ ಕೊಸರು ಹಾಕೋಕೆ
ಏನು ದಾಡಿ?'

ಇಲ್ಲಿ ಅದನ್ನು ಎಂಬಸೇಲಾ ಅನ್ನುತ್ತಾರೆ.
ಕರೀಬಾ ಕೆರೆಯಿಂದ ರಾತ್ರಿ ಬಸ್ಸಿನ ನೆತ್ತಿಯ ಮೇಲೆ ಬಂದ
ಬೆರಳುದ್ದದ ಬೆಳ್ಳಿಬಣ್ಣದ ಕಪೆಂಟಾ
ಲೋಟ ತುಂಬಿ, ಗೋಪುರವಾಗಿ,
ಗಿರಾಕಿಯ ಚೀಲಕ್ಕೆ ಸುರಿದ ಮೇಲೂ
ಅಮ್ಮನ ಕೈ ಮತ್ತೊಮ್ಮೆ ರಾಶಿಗೆ ಹೋಗುತ್ತದೆ,
ಏನೋ ಮರೆತವರ ಹಾಗೆ.

ಆ ಶನಿವಾರ ಕೈ ಸುಮ್ಮನಿರದೆ
ಅವಳ ಅಂಗಡಿಯನ್ನೇ ತಪಾಸಣೆ ಮಾಡಿದೆ.
ಚೀಲಕ್ಕೆ ನೂರು ಲೋಟ. ಹಣ ಬಂದದ್ದು ತೊಂಬತ್ತನಾಲ್ಕಕ್ಕೆ.
'ಅಮ್ಮ, ಆರು ಲೋಟ ಸೋರಿದೆ.'
'ಸೋರಿಲ್ಲ. ಕೊಟ್ಟಿದ್ದೀನಿ.'
'ಯಾವ ಖಾತೆಗೆ ಬರೆಯಲಿ? ರಿಯಾಯಿತಿ? ಜಾಹೀರಾತು? ದಾನ?'
'ಬರೀಬೇಡ.'
'ಬರೆಯದಿದ್ದರೆ ತಾಳೆಯಾಗಲ್ಲ.'
'ಹದಿನೇಳು ವರ್ಷದಿಂದ ಉಂಡಿದ್ದೀಯಲ್ಲ,
ತಾಳೆಯಾಗದೆಯೇ?'
ಎಂದವಳು ಹಲ್ಲುಕಡ್ಡಿ ಕಚ್ಚಿಕೊಂಡು
ಉಪ್ಪು ತರಲು ಎದ್ದು ಹೋದಳು,
ಲೋಟ ನನ್ನ ಮುಂದಿಟ್ಟು.

ಬೆನ್ನಿಗೆ ಮಗು ಕಟ್ಟಿಕೊಂಡ ಹೆಂಗಸೊಬ್ಬಳು ಬಂದಳು.
ತುಂಬಿದೆ. ಅಂಗೈಯಿಂದ ಸಮ ಮಾಡಿದೆ.
ಸುರಿದೆ. ಹಣ ಎಣಿಸಿಕೊಂಡೆ.
ಅವಳು ಹೋಗಲಿಲ್ಲ.
ಚೀಲದ ಬಾಯಿ ತೆರೆದೇ ಹಿಡಿದು
ಎತ್ತಲೋ ನೋಡುತ್ತ ನಿಂತಳು.
ಮುಷ್ಟಿ ಹಾಕಿದೆ, ಬಹಳ ಬಂತು;
ಅರ್ಧ ವಾಪಸು ಉದುರಿಸಿದೆ, ತೀರಾ ಕಡಿಮೆಯಾಯಿತು;
ಅಳೆದೂ ಸುರಿದೂ ಕೊನೆಗೆ
ಎಷ್ಟೋ ಒಂದಿಷ್ಟು ಹಾಕಿದೆ.
ಅವಳು ನಕ್ಕಳು.
'ಹೊಸಬನಾ?'
'ಹೌದು' ಎಂದೆ,
'ಓದುತ್ತಿದ್ದೇನೆ.'