ನಲವತ್ತು, ಮೂವತ್ತು, ಇಪ್ಪತ್ತು

ಗ್ದಾನ್ಸ್ಕ್ ನಿಲ್ದಾಣ. ಬೆಳಗಿನ ಜಾವ ನಾಲ್ಕೂವರೆ.
ನನ್ನ ಮೈಮೇಲೆ ಮೂರು ಅಂಗಿ, ಎರಡು ಸ್ವೆಟರು,
ಕೋಟಿನ ಎಡಜೇಬಿನಲ್ಲಿ ನಾಳೆಯ ಕಾಲುಚೀಲ,
ಬಲಜೇಬಿನಲ್ಲಿ ಒಣ ಅಣಬೆ, ಮಗಳಿಗೆ.
ಬೆವರುತ್ತಿದ್ದೇನೆ. ಹೊರಗೆ ಮೈನಸ್ ಒಂಬತ್ತು.

ಟಿಕೆಟ್ಟು ಐವತ್ತೊಂಬತ್ತು ಝ್ಲೋಟಿ.
ಇಷ್ಟಕ್ಕೆ ನಮ್ಮ ಬೀದಿಯ ಕ್ಷೌರಿಕ
ತಲೆ ಮುಟ್ಟುತ್ತಾನೆ, ಗಡ್ಡ ಮುಟ್ಟುವುದಿಲ್ಲ.
ದೂರುವ ಹಕ್ಕು ನನಗಿಲ್ಲ.
ಈ ಬೆಲೆ ಇರದಿದ್ದರೆ ತಿಂಗಳಿಗೊಮ್ಮೆ ಅಪ್ಪನಾಗುವುದು
ನನ್ನಂಥ ವೆಲ್ಡರನಿಂದ ಆಗುವ ಮಾತಲ್ಲ.
ನ್ಯಾಯಾಲಯ ಕೊಟ್ಟದ್ದು ತಿಂಗಳಿಗೊಂದು ಶನಿವಾರ;
ವಿಮಾನ ಕೊಟ್ಟದ್ದು ಆ ಶನಿವಾರದೊಳಕ್ಕೆ ಒಂದು ಬಾಗಿಲು.
ಬಾಗಿಲು ಕಿರಿದು, ಅಷ್ಟೇ.

ಎಷ್ಟು ಕಿರಿದೆಂದರೆ
ನಲವತ್ತು ಸೆಂಟಿಮೀಟರ್ ಎತ್ತರ, ಮೂವತ್ತು ಅಗಲ, ಇಪ್ಪತ್ತು ದಪ್ಪ.
ಗೇಟಿನ ಪಕ್ಕ ಕಬ್ಬಿಣದ ಚೌಕಟ್ಟು ಕಾಯುತ್ತಿರುತ್ತದೆ.
ಅದರ ಬೆಸುಗೆ ನೋಡಿದ್ದೇನೆ; ಒರಟು ಕೆಲಸ,
ಯಾರೋ ಕಲಿಯುವ ಹುಡುಗ ಮಾಡಿದ್ದು.
ಅದರೊಳಗೆ ಹಿಡಿಸಿದ್ದೇ ಎಂಟು ವರ್ಷದ ಉಡುಗೊರೆ:
ಬಟ್ಟೆಯ ಗೂಬೆ, ಬಣ್ಣದ ಡಬ್ಬಿ, ಮಡಚಿದ ಗಾಳಿಪಟ.
ಆರು ತುಂಬಿದಾಗ ಸೈಕಲ್ಲು ಕೇಳಿದಳು.
ಸೈಕಲ್ಲಿನ ಗಂಟೆ ಒಯ್ದೆ.
ಸೈಕಲ್ಲನ್ನು ಅವಳಮ್ಮನ ಹೊಸ ಗಂಡ ತಂದ.
ಗಂಟೆ ಚೆನ್ನಾಗಿದೆ ಅಂದ. ಒಳ್ಳೆಯ ಮನುಷ್ಯ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಇಲ್ಲಿ ಮಂಡಿಯೇ ದಿಂಬು.
ನೀರಿಗೆ ದುಡ್ಡು, ಕಿಟಕಿಗೆ ದುಡ್ಡು,
ಹೆಸರಲ್ಲಿ ಒಂದಕ್ಷರ ತಪ್ಪಿದ್ದರೆ ತಿದ್ದುವುದಕ್ಕೂ ದುಡ್ಡು.
ಪಕ್ಕದಲ್ಲಿ ಮೀನಿನ ಕಾರ್ಖಾನೆಗೆ ಹೊರಟ ಹುಡುಗ
ನನ್ನ ಭುಜಕ್ಕೊರಗಿ ಗೊರಕೆ ಹೊಡೆಯುತ್ತಾನೆ.
ಅದಕ್ಕಿನ್ನೂ ದರ ಗೊತ್ತು ಮಾಡಿಲ್ಲ.

ಟಿಕೆಟ್ಟಿನಲ್ಲಿ ಓಸ್ಲೋ ಎಂದಿದೆ.
ಇಳಿದಲ್ಲಿ ಓಸ್ಲೋ ಇಲ್ಲ.
ಹಿಮ ಕವಿದ ಹೊಲ, ಒಂದು ಬಸ್ಸು.
ಬಸ್ಸಿನ ಚಾರ್ಜು ವಿಮಾನದ ಎರಡರಷ್ಟು:
ಮೂರು ಕಾಸಿನ ಕುದುರೆಗೆ ಆರು ಕಾಸಿನ ಲಗಾಮು.

ಡ್ರಾಮೆನ್ನಿನಲ್ಲಿ ಕಲೀನಾ ನಿಂತಿರುತ್ತಾಳೆ.
ನಾನು ಈರುಳ್ಳಿಯಂತೆ ಒಂದೊಂದೇ ಪದರ ಬಿಚ್ಚುತ್ತೇನೆ.
ಮೊದಲೆಲ್ಲ ನಕ್ಕು ನಕ್ಕು ಎಣಿಸುತ್ತಿದ್ದಳು.
ಈಗ ಹನ್ನೆರಡು. ಗೆಳತಿಯರು ಯಾರಾದರೂ ಕಂಡಾರೆಂದು
ರಸ್ತೆಯ ಆ ಕಡೆ ನೋಡುತ್ತಾಳೆ.

ಈ ಫೆಬ್ರವರಿಯಲ್ಲಿ ಅವಳೇ ಒಂದು ಕೊಟ್ಟಳು.
ಶಾಲೆಯ ಮರಗೆಲಸದಲ್ಲಿ ಮಾಡಿದ ಸ್ಟೂಲು.
ಬರ್ಚ್ ಮರ. ಎತ್ತರ ನಲವತ್ತೆರಡು.
ಮೂರು ಕಾಲಿದ್ದರೆ ಅಲುಗುತ್ತಿರಲಿಲ್ಲ,
ನಾಲ್ಕು ಮಾಡಿದ್ದಾಳೆ, ಒಂದು ಗಿಡ್ಡ.
ಭಾನುವಾರ ಗೇಟಿನಲ್ಲಿ ಚೌಕಟ್ಟಿಗೆ ಇಳಿಸಿದೆ.
ಇಳಿಯಲಿಲ್ಲ. ತಲೆಕೆಳಗು ಮಾಡಿದೆ. ಓರೆ ಮಾಡಿದೆ.
‘ಕಾಲು ಕಳಚುತ್ತವಾ?’ ಅಂದಳು ಕೆಂಪು ಉಗುರಿನ ಹುಡುಗಿ.
‘ಇಲ್ಲ, ಅಂಟು ಹಾಕಿದ್ದಾಳೆ.’
‘ಹಾಗಾದರೆ ಅಲ್ಲಿ ಬಿಡಬಹುದು’ ಎಂದು ಕಣ್ಣಲ್ಲೇ ಮೂಲೆ ತೋರಿಸಿದಳು:
ಛತ್ರಿ, ಒಂಟಿ ಬೂಟು, ಚಕ್ರ ಮುರಿದ ಸೂಟ್‌ಕೇಸು.

ಏಳುನೂರು ಕ್ರೋನ್.
ಎಂಟು ವರ್ಷದಲ್ಲಿ ಒಂದು ಪೈಸೆ ಹೆಚ್ಚಿಗೆ ಕೊಟ್ಟವನಲ್ಲ ನಾನು.
ಹಿಂದಿನ ಸಾಲು ಕೆಮ್ಮಿತು. ಕಾರ್ಡು ಕೊಟ್ಟೆ.
ಹುಡುಗಿ ಸ್ಟೂಲಿನ ಗಿಡ್ಡ ಕಾಲಿಗೆ ಚೀಟಿ ಸುತ್ತಿದಳು,
ಹೆರಿಗೆ ಆಸ್ಪತ್ರೆಯಲ್ಲಿ ಕೂಸಿನ ಕಾಲಿಗೆ ಸುತ್ತುವ ಹಾಗೆ.

ಆ ಏಳುನೂರರಲ್ಲಿ ಮಾರ್ಚಿನ ಶನಿವಾರ ಇತ್ತು.
ಓವರ್‌ಟೈಮು ಬಿತ್ತು, ಬರಲಾಗುವುದಿಲ್ಲ ಅಂದೆ ಫೋನಿನಲ್ಲಿ.
ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.
ಆಮೇಲೆ ಕೇಳಿದಳು: ‘ಸ್ಟೂಲು ಅಲುಗುತ್ತದಾ?’
ಅರ ನನ್ನ ಕೈಯಳತೆಯಲ್ಲೇ ಇದೆ, ಐದು ನಿಮಿಷದ ಕೆಲಸ.
‘ಇಲ್ಲವಲ್ಲ’ ಅಂದೆ,
ಅಡುಗೆಮನೆಯಲ್ಲಿ ಅದರ ಮೇಲೆ ಕೂತು,
ಅತ್ತ ಇತ್ತ ಅಲುಗುತ್ತ.