ಬಿಟ್ಟ ಸಾಲು

ಹೆಸರು ಪಂಪಮ್ಮ. ನಮ್ಮ ಅತ್ತೆಯ ತಾಯಿ ಹೆಸರು.
ತೊಟ್ಟಿಲಿಗೆ ಹಾಕಿದ ದಿನ ಯಾರಿಗೂ ಹೊಳೀಲಿಲ್ಲ,
ತುಟಿಗೆ ತುಟಿ ಮತ್ತೆ ಮತ್ತೆ ಮುಟ್ಟದೆ
ಆ ಹೆಸರು ಬಾಯಿಂದ ಹೊರಗ ಬರೋದಿಲ್ಲ ಅಂತ.

ಮೇಲ್ದುಟಿ ಮೂಗಿನ ತನಕ ಹರಕೊಂಡೇ ಹುಟ್ಟಿದ್ಲು.
ಸಾಲಿಯಾಗ ಹಾಜರಿ ಕೂಗಿದರ ಬರೇ ಕೈ ಎತ್ತತಿದ್ಲು.
ತ ಥ ದ ಧ ನ ಆದ ಮ್ಯಾಲೆ ಮಾಸ್ತರು,
ಒಳ್ಳೇವರೇ ಪಾಪ, ಅಂದಿದ್ರು:
ಆ ಸಾಲು ಬಿಡವ್ವ, ಯ ರ ಲ ವಕ್ಕೆ ಹೋಗು.

ಗ್ರಹಣದಾಗ ಕತ್ತರಿ ಹಿಡಿದಿ, ಅಂತಿದ್ರು ಅತ್ತೆ.
ಹಿಡಿದಿದ್ದೆ. ಸುಳ್ಳು ಯಾಕ ಹೇಳಲಿ.
ಕೌಲ್ ಬಜಾರಿನ ಜೀನ್ಸ್ ಯೂನಿಟ್ಟು, ಎಂಟುನೂರು ಪ್ಯಾಂಟಿನ ಆರ್ಡರು,
ಏಳು ತಿಂಗಳ ಬಸುರಿ, ನೂಲಿನ ತುದಿ ಕತ್ತರಿಸ್ತಾ ಕೂತಿದ್ದೆ.
ಹೊರಗ ಹಾಡುಹಗಲೇ ಮಬ್ಬಾಗಿತ್ತು.

ಆರು ವರ್ಷಕ್ಕ ಡಾಕ್ಟರ್ ಮಂದಿ ಬಂದ್ರು ದೊಡ್ಡಾಸ್ಪತ್ರಿಗೆ,
ತಮ್ಮ ರಜೆ ಹಾಕಿ, ತಮ್ಮ ಟಿಕೆಟು ತಾವೇ ತಗೊಂಡು.
ಅವರ ದೇಶದ ಹೆಸರು ನಾಗವೇಣಿ ಸಿಸ್ಟರ್ ಚೀಟಿಯಾಗ ಬರಕೊಟ್ಟಿದ್ರು.
ಚೀಟಿ ನನ್ನ ಗಂಡನ ಜೇಬಿನಾಗಿದ್ದಂಗೇ ಒಗ್ಯಾಕ ಬಿದ್ದು
ಹಿಟ್ಟಾತು.

ಗ್ವಾಡಿಗೆ ಪಟ್ಟಿ ಅಂಟಿಸಿದ್ರು. ನಮ್ಮದು ಮೂವತ್ತೆಂಟು.
ಕುರುಗೋಡಿನ ಹುಸೇನ್‌ಬಿ ಮಗ ಖಾಜಾವಲಿ ಮೂವತ್ತೊಂಬತ್ತು.
ರಾತ್ರಿಯೆಲ್ಲಾ ವರಾಂಡದಾಗ ಒಂದೇ ಕಂಬಳಿ ಹೊದ್ದಿದ್ವಿ.
ಮುಂಜಾನೆ ಆ ಹುಡುಗ ಕೆಮ್ಮಿದ.
ಎದಿಯಾಗ ಕಫ, ಮತ್ತು ಬರೋ ಔಷಧ ಕೊಡಾಕ ಆಗಲ್ಲ,
ಮುಂದಿನ ವರ್ಷ, ಅಂದ್ರು.
ಹುಸೇನ್‌ಬಿ ಮಗನ ಬಾಯಿಗೆ ಸೆರಗು ಮುಚ್ಚಿ
ಬಸ್ ಸ್ಟ್ಯಾಂಡಿನ ಕಡೆ ನಡೆದ್ಲು.
ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ.

ಕೊಯ್ಯೋ ಮೊದಲು ಡಾಕ್ಟರಮ್ಮ ತುಟಿ ಮ್ಯಾಲೆ
ನೀಲಿ ಚುಕ್ಕಿ ಇಟ್ಟಿದ್ರಂತ, ಅಳತಿಗೆ.
ನಾವೂ ಹಂಗೇ, ಅರಿವಿ ಮ್ಯಾಲೆ ಸೀಮೆಸುಣ್ಣ.
ಮರುದಿನ ಎರಡು ಚುಕ್ಕಿ ಇನ್ನೂ ಉಳಿದಿದ್ವು,
ನನ್ನ ಉಗುರುಸಂದಿಯಾಗಿನದೇ ನೀಲಿ.

ಹೊಲಿಗಿ ಎಣಿಸಿದೆ. ಹದಿನೇಳು.
ತಾಯಿಯಂಗ ಅಲ್ಲ, ಕಸಬಿನವಳಂಗ ನೋಡಿದೆ:
ದಾರ ತಲಿಗೂದಲಕ್ಕಿಂತ ಸಣ್ಣ,
ಎಲ್ಲೂ ಜಗ್ಗಿಲ್ಲ, ನೆರಿಗಿ ಬಿದ್ದಿಲ್ಲ,
ಅಂಚಿಗೆ ಅಂಚು, ಕೆಂಪಿಗೆ ಕೆಂಪು ಕೂತೈತಿ.
ಅದೇ ಕಷ್ಟ. ಜೇಬಿನ ಮೂಲಿ ಒಂದು ನೂಲು ಸರಿದರ
ನಮ್ಮ ಸೂಪರ್‌ವೈಜರ್ ಇಡೀ ಪ್ಯಾಂಟು ಬಿಚ್ಚಸ್ತಾನ.
ನನಗ ಪೀಸಿಗೆ ನಾಕು ರೂಪಾಯಿ.
ಆಯಮ್ಮಗ ಏನೂ ಇಲ್ಲ. ಒಂದು ಶೇಂಗಾ ಹೋಳಿಗಿ ಕೊಟ್ಟೆ,
ಅರ್ಧ ತಿಂದು ಅರ್ಧ ಕಾಗದದಾಗ ಸುತ್ತಿಟ್ಟುಕೊಂಡ್ರು.

ಬಳ್ಳಾರಿ ಅನ್ನಾಕ ಬರಲಿಲ್ಲ ಅವರಿಗೆ. ಬಲಾರಿ, ಬಲಾರಿ.
ನನ್ನ ಮಗಳು ನಕ್ಕಳು, ಹೊಲಿಗಿ ಜಗ್ಗಿ ಅತ್ತಳು.

ಸಿಸ್ಟರ್ ಕಡಿಂದ ಕತ್ತರಿ ಮಾತು ಕೇಳಿಸಿದೆ.
ಡಾಕ್ಟರಮ್ಮ ಕುರ್ಚಿ ಎಳಕೊಂಡು ಕೂತರು:
ತುಟಿ ಕೂಡೋದು ಎರಡನೇ ತಿಂಗಳಿನಾಗ.
ಏಳನೇ ತಿಂಗಳಿನ ಕತ್ತರಿಗೆ ಅಲ್ಲಿ ಏನೂ ಕೆಲಸ ಇರಲಿಲ್ಲ.
ಅವತ್ತು ಚೊಲೋ ನಿದ್ದಿ ಬಂತು.
ಈಗ ಮಿಷಿನ್ ತುಳೀತಾ ಲೆಕ್ಕ ಹಾಕ್ತಿರ್ತೀನಿ,
ಎರಡನೇ ತಿಂಗಳಿನಾಗ ನಾನೇನು ಮಾಡಿದ್ದೆ?

ತುಟಿ ಈ ವರ್ಷ, ಅಂಗಳ ಮುಂದಿನ ವರ್ಷ.
ಬಾಯೊಳಗಿನ ಅಂಗಳ ಇನ್ನೂ ತೂತು,
ಗಾಳಿ ಮೂಗಿಗೆ ಹೊಂಟು ಹೋಗತೈತಿ.
ಪಂಪಮ್ಮ ಅನ್ನು ಅಂದರ ಮಮ್ಮಮ್ಮ ಅಂತಾಳ.
ಬಿಟ್ಟ ಸಾಲಿನ ಕೊನೇ ಅಕ್ಷರ ಮೊದಲು ಬಂತು.

ಸಂಜಿಗೆ ಯೂನಿಟ್ಟಿಗೆ ಬರ್ತಾಳ.
ಮಿಷಿನ್ನಿಗೆ ಒಂದು ಎಳಿ ನೀಲಿ ದಾರ ಇಳಿಬಿಟ್ಟೀನಿ,
ಆಕಿ ತುಟಿ ಎದುರಿಗೆ. ಪ ಅಂದರ ಅದು ಅಲ್ಲಾಡಬೇಕು,
ಸಿಸ್ಟರ್ ಹೇಳಿಕೊಟ್ಟ ಲೆಕ್ಕ.

ನಿನ್ನೆ ಅಲ್ಲಾಡ್ತು.
ಆಕಿ ಉಸಿರೋ, ಫ್ಯಾನಿನ ಗಾಳಿಯೋ?

ಏಪ್ರಿಲ್ ತಿಂಗಳ ಬಳ್ಳಾರಿ. ಇಪ್ಪತ್ತು ಮಿಷಿನ್ನು ನಿಂತವು.
ಯಾರೋ ಎದ್ದು ಹೋಗಿ ಫ್ಯಾನ್ ಬಂದ್ ಮಾಡಿದ್ರು.
ಬೆವರು ಕಣ್ಣಿಗಿಳೀತಿತ್ತು.
ಎಲ್ಲಾರೂ ದಾರ ನೋಡಾಕತ್ತಿದ್ವಿ.