ಮುಕ್ಕು ಕವಡಿ

ಬಂದ ಮೊದಲ ವಾರವೇ ಕಾರಿನ ಆಟ ಅಳಿಸಿ ಹಾಕಿದೆ
ನಾಲ್ಕೂ ಯಂತ್ರಗಳಿಂದ,
ಹಾವು ಹಣ್ಣು ತಿನ್ನುವ ಆಟವನ್ನೂ.
ಕಲಿಯಲು ಬಂದವರು ಕಲಿಯಲಿ ಎಂದು
ಹಲಗೆಯ ಮೇಲೆ ಮೌಸಿನ ಚಿತ್ರ ಬರೆದೆ, ಬಾಲ ಸಮೇತ.
ಭಾಗಗಳನ್ನು ಗುರುತಿಸಿ: ಹತ್ತು ಅಂಕ.
ಎಂಟನೇ ಇಯತ್ತೆಯ ಇಪ್ಪತ್ತೇಳು ಮಕ್ಕಳು
ಪಟ್ಟಿ ಹಿಡಿದು ಮಾನಿಟರಿನ ಗೆರೆ ಎಳೆದರು.
ನಿಜದ ಮಾನಿಟರುಗಳು ಬೆನ್ನ ಹಿಂದೆ
ಹಳೇ ಸೀರೆಯ ಮುಸುಕು ಹೊದ್ದು ಕೇಳಿಸಿಕೊಂಡವು.

ಜತ್ತ ತಾಲೂಕಿನ ಈ ಮೂಲೆಯಲ್ಲಿ
ಪಾಠ ಕನ್ನಡದ್ದು, ಸುತ್ತೋಲೆ ಮರಾಠಿಯದು,
ಯಂತ್ರದ ಒಳಗಿನದು ಎರಡೂ ಅಲ್ಲ.
ಕರೆಂಟು ಹನ್ನೊಂದಕ್ಕೆ ಬಂದು ಒಂದಕ್ಕೆ ಹೋಗುತ್ತದೆ,
ಅದಕ್ಕೆ ಮಾತ್ರ ಯಾವ ಭಾಷೆಯ ಹಂಗೂ ಇಲ್ಲ.

ಬಿಸಿಯೂಟದ ಭೌರವ್ವ ಪಾತ್ರೆ ತೊಳೆದಿಟ್ಟ ಮೇಲೆ
ಪಡಸಾಲೆಯ ಫರಸಿಗೆ ಇದ್ದಿಲಿನಲ್ಲಿ ಐದೈದು ಮನೆ ಬರೆದು
ಹುಡುಗಿಯರ ಜೊತೆ ಚೌಕಾಬಾರ ಆಡುತ್ತಾಳೆ.
ನಾಲ್ಕೂ ಕವಡಿ ಅಂಗಾತ ಬಿದ್ದರೆ ಚೌಕ,
ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು ಮನೆ.
ಒಂದು ಕವಡಿಯ ತುಟಿ ಮುಕ್ಕಾಗಿದೆ.
ಅದರ ಗುಣ ಅವಳಿಗೆ ಗೊತ್ತು.

ಬೇಸತ್ತು ನಾನು ಮುಸುಕು ತೆಗೆದದ್ದು ಒಂದು ಶನಿವಾರ.
ಪುಸ್ತಕದಲ್ಲಿ ಇಲ್ಲದ್ದನ್ನು ಹೇಳಿದೆ:
ಒಂದು ಪುಟ ಹೀಗೆ ತೆರೆಯುತ್ತದೆ, ಹೀಗೆ ಮುಚ್ಚುತ್ತದೆ,
ತೆರೆದದ್ದನ್ನು ಮುಚ್ಚದಿದ್ದರೆ ಕೆಳಗಿನದೆಲ್ಲ ಸೊಟ್ಟ.
"ಬಾಗಲಾ ಇದ್ದಂಗ್ರಿ," ಅಂದಳು ಕುರಿಗಾರರ ಮಾಯಕ್ಕ.
ಮನೆಯಲ್ಲಿ ದಡ್ಡಿಯ ಬಾಗಿಲು ಹಾಕುವವಳು ಅವಳೇ.

ಮೂರು ವಾರಕ್ಕೆ ಪರದೆಯ ಮೇಲೆ ಇಪ್ಪತ್ತೈದು ಮನೆ ಎದ್ದವು.
ಕಟ್ಟೆಮನೆಗಳಿಗೆ ಕತ್ತರಿ ಗುರುತು.
ಇರ್ಶಾದ ಕಾಯಿಗಳಿಗೆ ಬಣ್ಣ ಕೊಟ್ಟ.
ಒಂದು ಕಾಯಿ ಮಾತ್ರ ಒಳಸುತ್ತಿಗೆ ತಿರುಗುವ ಮೂಲೆಯಲ್ಲಿ
ಬೇಲಿ ಹಾರಿ ಪುಟದಾಚೆ ಹೋಗುತ್ತಿತ್ತು;
ಎರಡು ದಿನ ಅದನ್ನು ಅಟ್ಟಾಡಿದರು.

ಆಗಲೇ ವಿಸ್ತಾರಾಧಿಕಾರಿ ಬರಬೇಕೇ.
"ಹಾ ಕಾಯ್ ಖೇಳ್ ಚಾಲೂ ಆಹೇ?"
ಉತ್ತರದ ಬದಲು ಬೆವರು ಬಂತು.
ಅವರ ಮಾತಿನಲ್ಲೂ ನ್ಯಾಯವಿತ್ತು:
ಇವತ್ತು ಮೆರೆಯುವುದು ನಾಳೆ ಗುಜರಿಗೆ,
ಇವರಿಗೆ ಮೀಸೆ ಬರುವ ಹೊತ್ತಿಗೆ ಈ ಪುಟ ತೆರೆಯುವುದೋ ಇಲ್ಲವೋ.
ಬುನಾದಿ ಕಲಿಸಿ ಗುರುಜಿ, ಬುನಾದಿ.
ಆಟಕ್ಕೆ ಅಂಗಳ ಇದೆಯಲ್ಲ.
ರಜಿಸ್ಟರಿನಲ್ಲಿ ಕೆಂಪು ಮಸಿಯ ಒಂದು ಸಾಲು ಬಿಟ್ಟು
ಚಹಾ ಕುಡಿಯದೆ ಹೋದರು.

ನಾನು ಒಪ್ಪಿಯೇಬಿಡುತ್ತಿದ್ದೆ.
ಅಷ್ಟರಲ್ಲಿ ಭೌರವ್ವ ಸೆರಗಿಗೆ ಕೈ ಒರೆಸುತ್ತ ಬಂದು
ಪರದೆಯ ಮುಂದೆ ಕೂತಳು. ಒತ್ತಿದಳು. ಮತ್ತೆ ಒತ್ತಿದಳು.
ನಲವತ್ತು ಸಲಕ್ಕೆ ಚೌಕ ಮೂರು, ಬಾರ ಮೂರು.
"ಇವು ನನ್ನ ಕವಡಿ ಅಲ್ಲ," ಎಂದು ನಕ್ಕಳು,
"ನನ್ನವು ಬಾರ ಬೀಳೂವಷ್ಟು ಚೌಕ ಬೀಳಂಗಿಲ್ಲ."

ಮಾಯಕ್ಕ ಹಲಗೆಗೆ ಬಂದಳು, ಯಾರೂ ಕರೆದಿರಲಿಲ್ಲ.
ನಾಲ್ಕು ಕವಡಿ ಎಷ್ಟು ಥರ ಬಿದ್ದಾವು, ಒಂದೊಂದೇ ಬರೆದಳು:
ಹದಿನಾರು. ಅದರಲ್ಲಿ ಚೌಕ ಒಂದೇ, ಬಾರವೂ ಒಂದೇ.
ಆಮೇಲೆ ಮುಕ್ಕು ಕವಡಿ ಇಸಿದುಕೊಂಡು
ಊಟದ ಗಂಟೆ ಬಾರಿಸಿದರೂ ಏಳದೆ
ನೂರು ಸಲ ಎಸೆದರು.
ಇರ್ಶಾದ ಗೆರೆ ಹಾಕಿದ, ಐದಕ್ಕೊಂದು ಅಡ್ಡಗೆರೆ.
ಅಂಗಾತ ಮೂವತ್ತೊಂದು.
ಬೋರಲು ಅರವತ್ತೊಂಬತ್ತು.

"ಸರ, ಯಂತ್ರಕ್ಕ ಈ ಮುಕ್ಕು ಹೆಂಗ ಕಲಿಸೂದ್ರಿ?"

ಇದು ಯಾವ ಅಧ್ಯಾಯದ ಪ್ರಶ್ನೆ,
ಬುನಾದಿಯದೋ ಅಂಗಳದ್ದೋ,
ನನಗೆ ತಿಳಿಯಲಿಲ್ಲ.
ಬಾಯಿ ತೆರೆಯುವಷ್ಟರಲ್ಲಿ ಒಂದು ಗಂಟೆಯಾಗಿ ಕರೆಂಟು ಹೋಯಿತು,
ಇಪ್ಪತ್ತೈದು ಮನೆಯೂ ಒಟ್ಟಿಗೆ ಕತ್ತಲಾದವು.
ಹಲಗೆಯ ಮೇಲೆ ಹದಿನಾರು ಉಳಿದಿತ್ತು.

ಸಂಜೆಯ ಹೊತ್ತು ಪಡಸಾಲೆಯಲ್ಲಿ
ಭೌರವ್ವ ಕವಡಿ ಕುಲುಕುತ್ತಿದ್ದಳು.
ಎದುರು ಕೂತ ಮಾಯಕ್ಕ
ಕಾಯಿ ನೋಡುತ್ತಿರಲಿಲ್ಲ,
ಕೈ ನೋಡುತ್ತಿದ್ದಳು.